ಕನ್ನಡದಲ್ಲಿ ಪಂಕ್ ಎಲ್ಲಿತ್ತು?

1976ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ನಾಲ್ವರು ಹುಡುಗರು ಸುಮಾರು 6,400 ಡಾಲರ್ ಖರ್ಚಿನಲ್ಲಿ ತಮ್ಮ ಮೊದಲ ಆಲ್ಬಂ ಮುಗಿಸಿದರು. ಹದಿನಾಲ್ಕು ಹಾಡು, ಎಲ್ಲ ಸೇರಿ ಅರ್ಧ ಗಂಟೆಯೂ ಇಲ್ಲ. ಬ್ಯಾಂಡಿನ ಹೆಸರು ರಮೋನ್ಸ್. ಅದಕ್ಕೂ ಒಂದು ವರ್ಷ ಮೊದಲು ಬೆಂಗಳೂರಿನಲ್ಲಿ ಇಪ್ಪತ್ತೊಂದರ ಹುಡುಗನೊಬ್ಬನ ಕವನ ಸಂಕಲನ ಹೊರಬಂದಿತ್ತು. ಹುಡುಗ ಮಾಗಡಿ ತಾಲೂಕಿನ ಮಂಚನಬೆಲೆಯವನು, ಬೆಳೆದದ್ದು ಶ್ರೀರಾಮಪುರದ ಬಡವರ ಕೇರಿಯಲ್ಲಿ. ಹೆಸರು ಸಿದ್ಧಲಿಂಗಯ್ಯ, ಪುಸ್ತಕ ‘ಹೊಲೆಮಾದಿಗರ ಹಾಡು’. ಇವರ ಹೆಸರು ಅವರು ಕೇಳಿರಲಿಲ್ಲ, ಅವರ ಹೆಸರು ಇವರು ಕೇಳಿರಲಿಲ್ಲ.

ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದು ಸರಿಯೇ ಎಂಬುದು ಸಂಗೀತದ ಬಗ್ಗೆ ಮಾತಾಡುವ ಕನ್ನಡಿಗರ ನಡುವೆ ಆಗಾಗ ಏಳುವ ತಕರಾರು. ‘ರಾಕ್ ಸಿಟಿ’ ಎಂದು ಕರೆಸಿಕೊಂಡ ಬೆಂಗಳೂರಿನಲ್ಲಿ ಹೆವಿ ಮೆಟಲ್ ಬೇರುಬಿಟ್ಟಿತು, ಬ್ಲೂಸ್ ನಿಂತಿತು, ಜಾಝ್ ಉಳಿಯಿತು. ಪಂಕ್ ಮಾತ್ರ ಹೇಳಿಕೊಳ್ಳುವಂತೆ ಯಾಕೆ ಕುದುರಲಿಲ್ಲ? ಕುದುರಿದ್ದು ಬೇರೆ ಹೆಸರಿನಲ್ಲಿ, ಬೇರೆ ಬೀದಿಯಲ್ಲಿಯೇ? ಬ್ರಿಗೇಡ್ ರಸ್ತೆಯಿಂದ ನಮ್ಮ ಸೂಲಿಬೆಲೆಗೆ 40 ಕಿಲೋಮೀಟರಿನ ಆಸುಪಾಸು. ಆದರೂ ಅಲ್ಲಿಯ ಗಿಟಾರು ಇಲ್ಲಿಗೆ ಕೇಳಿಸಲು ದಶಕಗಳೇ ಹಿಡಿದವು. ಇಲ್ಲಿನ ತಮಟೆ ಅಲ್ಲಿಗೆ ಕೇಳಿಸಲು ಇನ್ನೂ ಹೆಚ್ಚು ಕಾಲ ಬೇಕಾಯಿತು. ಈ ಪ್ರಶ್ನೆಯನ್ನು ಇಲ್ಲಿಂದ ನೋಡುವುದಕ್ಕೆ ಅದೇ ಕಾರಣ.

ತವರಲ್ಲೇ ತೀರದ ಜಗಳ

ಪಂಕ್ ಹುಟ್ಟಿದ್ದು ಎಲ್ಲಿ ಎಂಬುದೇ ಇತ್ಯರ್ಥವಾಗಿಲ್ಲ. ಒಂದು ಪಕ್ಷದ ಪ್ರಕಾರ ನ್ಯೂಯಾರ್ಕ್. ರಮೋನ್ಸ್ 1974ರಲ್ಲಿ ಕ್ವೀನ್ಸ್ ಬಡಾವಣೆಯಲ್ಲಿ ಕೂಡಿಕೊಂಡು, ಅದೇ ಆಗಸ್ಟಿನಲ್ಲಿ ಸಿಬಿಜಿಬಿ ಎಂಬ ಸಣ್ಣ ಬಾರಿನಲ್ಲಿ ನುಡಿಸಲು ಶುರುಮಾಡಿದರು. ಆಗಿನ ರಾಕ್ ಹಾಡುಗಳು ಇಪ್ಪತ್ತು ನಿಮಿಷ ಎಳೆದು, ಗಿಟಾರ್ ವಾದಕನ ಕೈಚಳಕಕ್ಕೆ ಚಪ್ಪಾಳೆ ಬೇಡುತ್ತಿದ್ದವು. ರಮೋನ್ಸ್ ಎರಡು ನಿಮಿಷದಲ್ಲಿ ಹಾಡು ಮುಗಿಸಿ ಮುಂದಿನದಕ್ಕೆ ಎಣಿಕೆ ಹಾಕುತ್ತಿದ್ದರು. ಆಲ್ಬಂ ಮಾರಾಟವಾಗಲಿಲ್ಲ. 1996ರಲ್ಲಿ ನಿಲ್ಲಿಸುವ ಹೊತ್ತಿಗೆ 2,263 ಕಛೇರಿ ಕೊಟ್ಟಿದ್ದರೂ ದೊಡ್ಡ ಹಿಟ್ ಎಂಬುದು ಅವರಿಗೆ ಒಲಿಯಲೇ ಇಲ್ಲ. ಅವರ ಪ್ರಭಾವ ಕಂಡದ್ದು ಬೇರೆ ಕಡೆ: ಅವರನ್ನು ಕೇಳಿದವರು ಮನೆಗೆ ಹೋಗಿ ತಾವೇ ಬ್ಯಾಂಡ್ ಕಟ್ಟಿದರು.

ಇನ್ನೊಂದು ಪಕ್ಷ ಲಂಡನ್ ಎನ್ನುತ್ತದೆ. ನಿರುದ್ಯೋಗ, ಕಸದ ರಾಶಿ, ರಾಣಿಯ ಬೆಳ್ಳಿಹಬ್ಬ ಇವೆಲ್ಲದರ ನಡುವೆ ಸೆಕ್ಸ್ ಪಿಸ್ಟಲ್ಸ್ ಮತ್ತು ಕ್ಲ್ಯಾಶ್ ಆ ಸದ್ದಿಗೆ ರಾಜಕೀಯ ಕೊಟ್ಟವು. ಪಿಸ್ಟಲ್ಸ್ ಆಯುಷ್ಯ ಮೂರು ವರ್ಷವೂ ಇಲ್ಲ. 1978ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮುಗಿದೇ ಹೋಯಿತು. ಮೂರನೆಯ ಪಕ್ಷ ಈ ಎರಡೂ ಊರುಗಳನ್ನು ಪಕ್ಕಕ್ಕಿಟ್ಟು, ಪೆರು ದೇಶದಲ್ಲಿ 1965ರಲ್ಲೇ ಕಿರುಚಿ ಹಾಡಿದ ಲೋಸ್ ಸೈಕೋಸ್ ಕಡೆಗೆ ಬೆರಳು ಮಾಡುತ್ತದೆ. ಡೆಟ್ರಾಯಿಟಿನ ಕಪ್ಪು ಸೋದರರ ‘ಡೆತ್’ ಬ್ಯಾಂಡನ್ನೂ ತೋರಿಸುತ್ತದೆ. ಅವರು 1975ರಲ್ಲಿ ಧ್ವನಿಮುದ್ರಿಸಿದ ಹಾಡುಗಳು ಆಲ್ಬಂ ಆಗಿ ಬಂದದ್ದು 2009ರಲ್ಲಿ.

ನಮಗೆ ಬೇಕಾದದ್ದು ಈ ಮೂರನೆಯ ಪಕ್ಷದ ಮಾತು. ಪಂಕ್ ಎಂಬುದು ಒಂದೂರಿನಿಂದ ಹಡಗು ಹತ್ತಿ ಬಂದ ಸರಕಲ್ಲ, ಎಲ್ಲೆಲ್ಲಿ ಕಲಿತವರ ಸಂಗೀತ ಮಿಕ್ಕವರ ಬಾಯಿ ಮುಚ್ಚಿಸಿತ್ತೋ ಅಲ್ಲೆಲ್ಲ ತಾನಾಗಿ ಎದ್ದದ್ದು ಎಂದು ಒಪ್ಪಿದರೆ, ಕರ್ನಾಟಕದಲ್ಲೂ ಹುಡುಕಲು ಅರ್ಥವಿದೆ. ಒಪ್ಪದಿದ್ದರೆ ಈ ಲೇಖನ ಮುಂದಿನ ಉಪಶೀರ್ಷಿಕೆಯಲ್ಲೇ ಮುಗಿದುಹೋಗುತ್ತದೆ.

ದಂಡು ಪ್ರದೇಶದ ವಿವರಣೆ

ಬೆಂಗಳೂರಿನ ರಾಕ್ ಹುಟ್ಟಿದ್ದು ದಂಡು ಪ್ರದೇಶದಲ್ಲಿ: ಆಂಗ್ಲೋ-ಇಂಡಿಯನ್ ಮನೆಗಳಲ್ಲಿ, ಕ್ಲಬ್ಬುಗಳಲ್ಲಿ, ಇಂಗ್ಲಿಷ್ ಶಾಲೆಗಳ ಸಭಾಂಗಣಗಳಲ್ಲಿ. 1970ರ ದಶಕದ ಆರಂಭದಲ್ಲಿ ಇಲ್ಲಿ ನೆಲೆಯೂರಿದ್ದ ಹ್ಯೂಮನ್ ಬಾಂಡೇಜ್ ದೇಶದಲ್ಲೇ ಹೆಸರು ಮಾಡಿತ್ತು. ಅದರ ಡ್ರಮ್ಮರ್ ರಮೇಶ್ ಶೊಟ್ಟಮ್ ಮುಂದೆ ತಾಳವಾದ್ಯಗಳ ಕಡೆಗೆ ತಿರುಗಿ ಯುರೋಪಿನಲ್ಲಿ ನೆಲೆಸಿದರು. ಸಿಗರೇಟು ಕಂಪನಿಯೊಂದು ಪ್ರಾಯೋಜಿಸಿದ ಸಿಮ್ಲಾ ಬೀಟ್ ಸ್ಪರ್ಧೆ ಆ ಕಾಲದ ಬ್ಯಾಂಡುಗಳಿಗೆ ಗುರಿಯಾಗಿತ್ತು. ಆಮೇಲೆ ಕಾಲೇಜು ಹಬ್ಬಗಳ ಸ್ಪರ್ಧೆ, ಪೆಕೋಸ್‌ನಂಥ ಪಬ್ಬು, 1996ರಿಂದ ಫ್ರೀಡಂ ಜಾಮ್ ಎಂಬ ಬಯಲು ಕಛೇರಿ. ಅದೇ 1996ರಲ್ಲಿ ಥರ್ಮಲ್ ಅಂಡ್ ಎ ಕ್ವಾರ್ಟರ್, 1998ರಲ್ಲಿ ಮೆಟಲ್ ಬ್ಯಾಂಡ್ ಕ್ರಿಪ್ಟೋಸ್ ಶುರುವಾದವು. 2007ರ ಮಾರ್ಚಿನಲ್ಲಿ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂದಾಗ ದೇಶದ ಮೂಲೆಮೂಲೆಯಿಂದ ಕಪ್ಪು ಟೀ ಶರ್ಟುಗಳು ಬಂದಿಳಿದವು.

ಈ ವಂಶಾವಳಿಯಲ್ಲಿ ಪಂಕ್‌ಗೆ ಜಾಗ ಯಾಕಿಲ್ಲ ಎಂಬುದಕ್ಕೆ ಎರಡು ಕಾರಣ ಕೊಡುತ್ತಾರೆ. ಒಂದು, ಸ್ಪರ್ಧೆಯಲ್ಲಿ ಅಂಕ ಬೀಳುವುದು ಕೈಚಳಕಕ್ಕೆ. ಮೂರು ಕಾರ್ಡ್ ಕಲಿತು ವೇದಿಕೆ ಹತ್ತಿದವನನ್ನು ತೀರ್ಪುಗಾರರು ಕೆಳಗಿಳಿಸುತ್ತಾರೆ. ಕರ್ನಾಟಕ ಸಂಗೀತದ ಶಿಸ್ತು ಗಾಳಿಯಲ್ಲೇ ಇರುವ ಊರಿನಲ್ಲಿ ‘ನುಡಿಸಲು ಬರದಿರುವುದೇ ನಮ್ಮ ನಿಲುವು’ ಎಂದರೆ ಯಾರು ಕೇಳುತ್ತಾರೆ? ಇನ್ನೊಂದು, ತಡ. ಪಂಕ್ ಕಾವಿನಲ್ಲಿದ್ದಾಗ ಆ ರೆಕಾರ್ಡುಗಳು ಇಲ್ಲಿ ಸುಲಭಕ್ಕೆ ಸಿಗಲಿಲ್ಲ. ಕೇಬಲ್ ಟಿವಿ ಬರುವ ಹೊತ್ತಿಗೆ ಅಲ್ಲಿ ಪಂಕ್‌ನ ಮಕ್ಕಳು, ಮೊಮ್ಮಕ್ಕಳು ಮೆರೆಯುತ್ತಿದ್ದರು.

ಎರಡೂ ಸರಿ. ಆದರೆ ಎರಡೂ ವರ್ಗದ ಸುದ್ದಿ ಎತ್ತುವುದಿಲ್ಲ. ಗಿಟಾರು, ಆಂಪ್ಲಿಫೈಯರ್, ಅಭ್ಯಾಸಕ್ಕೊಂದು ಕೋಣೆ, ಇಂಗ್ಲಿಷು ಇವೆಲ್ಲ ಇದ್ದವನಿಗೆ ಸಿಟ್ಟು ಬರಬಾರದೆಂದಲ್ಲ. ಆದರೆ 1976ರ ಬೆಂಗಳೂರಿನಲ್ಲಿ ಸಿಟ್ಟಿಗೆ ಹೆಚ್ಚು ಕಾರಣವಿದ್ದವರ ಬಳಿ ಇವು ಯಾವುವೂ ಇರಲಿಲ್ಲ. ಅಪವಾದಗಳು ನೆನಪಿಡುವಂಥವು. ಥರ್ಮಲ್ ಅಂಡ್ ಎ ಕ್ವಾರ್ಟರ್ ತಮ್ಮ ‘ಪ್ಲಾನ್ ಬಿ’ ಆಲ್ಬಂ ಅನ್ನು ಜನರಿಗೆ ಉಚಿತವಾಗಿ ಇಳಿಸಿಕೊಳ್ಳಲು ಬಿಟ್ಟರು. 2009ರ ಚುನಾವಣೆಯ ಹೊತ್ತಿಗೆ ಮತ ಹಾಕದವರನ್ನು ಚುಚ್ಚುವ ಹಾಡು ಕಟ್ಟಿದರು. ಸಂಗೀತ ಪಂಕ್ ಅಲ್ಲದಿದ್ದರೂ ವ್ಯವಹಾರದ ರೀತಿ ಅದೇ. ಇನ್ನು ಗಿಟಾರ್ ವಾದಕ ಕೊನಾರಕ್ ರೆಡ್ಡಿ. ಅವರ ತಾಯಿ, ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯಾಗಿ ನಟಿಸಿದ್ದ ಸ್ನೇಹಲತಾ ರೆಡ್ಡಿಯನ್ನು ತುರ್ತು ಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ ಬಂಧಿಸಿ ಬೆಂಗಳೂರು ಸೆರೆಮನೆಯಲ್ಲಿ ಇಟ್ಟರು. ಆಸ್ತಮಾ ಉಲ್ಬಣಿಸಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ಅವರು ತೀರಿಕೊಂಡರು. ಲಂಡನ್ನಿನ ಹುಡುಗರು ಹಾಡಿನಲ್ಲಿ ಪ್ರಭುತ್ವಕ್ಕೆ ಬೈಯುತ್ತಿದ್ದ ತಿಂಗಳುಗಳೇ ಅವು. ಇಲ್ಲಿ ಪ್ರಭುತ್ವದ ಜೊತೆಗಿನ ವ್ಯವಹಾರ ಅಷ್ಟು ಹಗುರವಾಗಿರಲಿಲ್ಲ.

ಹೋರಾಟದ ಹಾಡು ಎಂಬ ವಾದ

ಎರಡನೆಯ ಪಕ್ಷ ದಂಡು ಪ್ರದೇಶವನ್ನು ಬಿಟ್ಟು ಕೇರಿಗೆ ನಡೆಯುತ್ತದೆ. ಕಥೆ ಆರಂಭವಾಗುವುದು 1973ರ ನವೆಂಬರಿನ ಬೂಸಾ ಪ್ರಕರಣದಿಂದ. ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ರಾಜ್ಯ ಹೊತ್ತಿಕೊಂಡಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪ ಕುರ್ಚಿ ಬಿಟ್ಟರು. 1976ರ ಡಿಸೆಂಬರಿನಲ್ಲಿ ಸೆಕ್ಸ್ ಪಿಸ್ಟಲ್ಸ್ ಟಿವಿಯಲ್ಲಿ ಕೆಟ್ಟ ಮಾತಾಡಿದ್ದಕ್ಕೆ ಇಂಗ್ಲೆಂಡ್ ಬೆಚ್ಚಿಬಿದ್ದದ್ದನ್ನು ಪಂಕ್ ಚರಿತ್ರೆಕಾರರು ಮೈಲಿಗಲ್ಲು ಎನ್ನುತ್ತಾರೆ. ಒಂದೇ ಪದಕ್ಕೆ ಇಡೀ ನಾಡು ಬೆಚ್ಚಿದ್ದು ನಮ್ಮಲ್ಲಿ ಮೂರು ವರ್ಷ ಮೊದಲೇ ಆಗಿತ್ತು. ಬೆಲೆಯೂ ಹೆಚ್ಚಾಗಿತ್ತು.

ಆ ಕಾವಿನಿಂದಲೇ ಭದ್ರಾವತಿಯ ಅಧ್ಯಾಪಕ ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. 1975ರಲ್ಲಿ ಪ್ರಸನ್ನ ಮತ್ತು ಗೆಳೆಯರು ‘ಸಮುದಾಯ’ ತಂಡ ಕಟ್ಟಿದರು, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಬಂತು. ಆ ವರ್ಷವೇ ಸಮುದಾಯದ ಜಾಥಾ ಊರೂರು ತಿರುಗಿ ಬೀದಿನಾಟಕ ಆಡಿತು, ಹಾಡಿತು. ಬಿಹಾರದಲ್ಲಿ ದಲಿತರನ್ನು ಸುಟ್ಟ ಘಟನೆಯ ಮೇಲಿನ ‘ಬೆಲ್ಚಿ’ ನಾಟಕ ಸಿ.ಜಿ.ಕೆ. ಹೆಸರಿನೊಂದಿಗೆ ಅಂಟಿಕೊಂಡೇ ಇದೆ. ಸಿದ್ಧಲಿಂಗಯ್ಯನವರ ಪದ್ಯಗಳು ಪುಸ್ತಕದಲ್ಲಿ ಉಳಿಯಲಿಲ್ಲ, ಬಾಯಿಗೆ ಬಂದವು. ಕೋಲಾರದ ಕಡೆ ಕೋಟಿಗಾನಹಳ್ಳಿ ರಾಮಯ್ಯ ಬರೆದರು, ಪಿಚ್ಚಳ್ಳಿ ಶ್ರೀನಿವಾಸ್ ಹಾಡಿದರು. ಮೈಸೂರಿನ ಕಡೆ ಜನಾರ್ದನ್, ಅಂದರೆ ಜನ್ನಿ. ಗಡಿಯಾಚೆ ಗದ್ದರ್ ಇದ್ದರು. ಹೊಸಕೋಟೆಯಿಂದ ಕೋಲಾರದವರೆಗಿನ ಈ ಸೀಮೆಯಲ್ಲಿ ತೆಲುಗು ಪದಕ್ಕೂ ಕನ್ನಡ ಪದಕ್ಕೂ ನಡುವೆ ಬೇಲಿ ಇಲ್ಲದ್ದರಿಂದ ಆ ರಾಗಗಳು ಸಲೀಸಾಗಿ ಈಚೆ ಬಂದವು.

ಹೋಲಿಕೆಯ ಬಲವಿರುವುದು ಸದ್ದಿನಲ್ಲಲ್ಲ, ಕಟ್ಟುವ ರೀತಿಯಲ್ಲಿ. 1977ರಲ್ಲಿ ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ 500 ಪೌಂಡ್ ಸಾಲ ಮಾಡಿ ತಮ್ಮ ರೆಕಾರ್ಡನ್ನು ತಾವೇ ಹೊರತಂದರು. ಅದೇ ವರ್ಷದ ಜನವರಿಯಲ್ಲಿ ಒಂದು ಇಂಗ್ಲಿಷ್ ಕಿರುಪತ್ರಿಕೆ ಮೂರು ಕಾರ್ಡುಗಳ ಚಿತ್ರ ಬಿಡಿಸಿ, ಇಷ್ಟು ಸಾಕು, ಬ್ಯಾಂಡ್ ಕಟ್ಟಿ ಎಂದು ಓದುಗರನ್ನು ಹುರಿದುಂಬಿಸಿತು. ಇಲ್ಲಿಯೂ ಅದೇ: ಕಡಿಮೆ ಬೆಲೆಯ ಹಾಡಿನ ಪುಸ್ತಿಕೆ, ‘ಪಂಚಮ’ದಂಥ ಪತ್ರಿಕೆ, ಯಾರ ಬಾಯಿಗೂ ದಕ್ಕುವ ಮಟ್ಟು, ಒಬ್ಬ ಎತ್ತಿಕೊಟ್ಟರೆ ಉಳಿದವರು ಹಿಡಿದುಕೊಳ್ಳುವ ಪಲ್ಲವಿ. ಹಾಡುವವನ ಶ್ರುತಿ ಸರಿಯಿದೆಯೇ ಎಂದು ಯಾರೂ ಕೇಳಲಿಲ್ಲ. ಒಂದು ತಮಟೆ, ಇಲ್ಲದಿದ್ದರೆ ಕೈಚಪ್ಪಾಳೆ. ಕರೆಂಟು ಹೋದರೂ ಕಛೇರಿ ನಿಲ್ಲುವುದಿಲ್ಲ.

ಪಂಕ್ ಅನ್ನು ಕಾಡಿದ ‘ಮಾರಿಕೊಂಡರು’ ಎಂಬ ದೂರೂ ಇಲ್ಲಿ ಹಾಗೆಯೇ ಇದೆ. ಕ್ಲ್ಯಾಶ್ ದೊಡ್ಡ ಕಂಪನಿಗೆ ಸಹಿ ಹಾಕಿದಾಗ ಪಂಕ್ ಸತ್ತಿತು ಎಂದವರುಂಟು. ಸಿದ್ಧಲಿಂಗಯ್ಯ ಪುಟ್ಟಣ್ಣ ಕಣಗಾಲರ ‘ಧರಣಿ ಮಂಡಲ ಮಧ್ಯದೊಳಗೆ’ ಚಿತ್ರಕ್ಕೆ ಪ್ರೇಮಗೀತೆ ಬರೆದಾಗ, ಎರಡು ಅವಧಿಗೆ ವಿಧಾನ ಪರಿಷತ್ತಿನಲ್ಲಿ ಕುಳಿತಾಗ ಇಂಥದೇ ಮಾತು ಕೇಳಿಬಂತು. ನನಗಂತೂ ಈ ದೂರು ಎರಡೂ ಕಡೆ ಟೊಳ್ಳೆನಿಸುತ್ತದೆ. ಶ್ರೀರಾಮಪುರದಿಂದ ಬಂದವನು ಪರಿಷತ್ತಿಗೆ ಹೋಗಬಾರದೆಂದು ಹೇಳುವವರು ಸಾಮಾನ್ಯವಾಗಿ ಶ್ರೀರಾಮಪುರದವರಾಗಿರುವುದಿಲ್ಲ.

ಹೋಲಿಕೆ ಮುರಿಯುವ ಜಾಗಗಳು

ಈ ವಾದಕ್ಕೆ ಎದುರಾಗಿ ಗಟ್ಟಿ ಮಾತುಗಳಿವೆ. ಪಂಕ್ ಒಂದು ಹಂತದಲ್ಲಿ ‘ಮುಂದೇನೂ ಇಲ್ಲ’ ಎಂದು ಕೈ ಚೆಲ್ಲಿತು. ಸಿಡ್ ವಿಷಿಯಸ್ 1979ರ ಫೆಬ್ರವರಿಯಲ್ಲಿ ಹೆರಾಯಿನ್ ಅತಿಯಾಗಿ ಸತ್ತಾಗ ಅವನಿಗೆ 21 ವರ್ಷ. ದಲಿತ ಸಂಘರ್ಷ ಸಮಿತಿ ಎತ್ತಿದ ಘೋಷಣೆ ‘ಹೆಂಡ ಬೇಡ, ವಸತಿ ಶಾಲೆ ಬೇಕು’. ಒಬ್ಬರದು ಶಾಲೆಯ ಮೇಲಿನ ಸಿಟ್ಟು, ಇನ್ನೊಬ್ಬರದು ಶಾಲೆ ಸಿಗದ ಸಿಟ್ಟು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಇಬ್ಬರಿಗೂ ಅನ್ಯಾಯ.

ಇದಕ್ಕಿಂತ ಆಳದ ಪ್ರಶ್ನೆ ತಮಟೆಯದು. ಎಲೆಕ್ಟ್ರಿಕ್ ಗಿಟಾರಿಗೆ ಅವಮಾನದ ಚರಿತ್ರೆ ಇಲ್ಲ. ತಮಟೆಗೆ ಇದೆ. ಊರಹಬ್ಬಕ್ಕೆ, ಸಾವಿಗೆ, ಸಾರು ಹಾಕುವುದಕ್ಕೆ ತಮಟೆ ಬಡಿಯುವುದು ಒಂದು ಜಾತಿಯ ಮೇಲೆ ಹೊರಿಸಿದ ಬಿಟ್ಟಿ ಚಾಕರಿಯಾಗಿತ್ತು. ಆದ್ದರಿಂದ ಚಳವಳಿ ಹಲವು ಕಡೆ ತಮಟೆ ಬಿಡಿ ಎಂದಿತು. ಅದೇ ಚಳವಳಿಯ ವೇದಿಕೆಯಲ್ಲಿ ಹಾಡಿಗೆ ತಮಟೆ ಬೇಕಾಯಿತು. ಬಿಡುವುದೇ ಬಿಡುಗಡೆಯೇ, ಅಥವಾ ಬಡಿಯುವ ಕಾರಣ ಬದಲಿಸಿಕೊಂಡರೆ ಸಾಕೇ? ನಮ್ಮ ಜಿಲ್ಲೆಯ ದೊಡ್ಡಬಳ್ಳಾಪುರದಲ್ಲಿ, ನೇಕಾರರ ಮನೆಯಲ್ಲಿ ಹುಟ್ಟಿದ ವಿಮರ್ಶಕ ಡಿ.ಆರ್. ನಾಗರಾಜ್ ಸಿದ್ಧಲಿಂಗಯ್ಯನವರ ಆಪ್ತ ಗೆಳೆಯರು. 1993ರಲ್ಲಿ ಇಂಗ್ಲಿಷಿನಲ್ಲಿ ಬಂದ, ‘ಉರಿವ ಪಾದ’ಗಳ ಹೆಸರು ಹೊತ್ತ ಅವರ ಪುಸ್ತಕದ ಒಳಜಗಳವೂ ಇಂಥದೇ: ಹಳೆಯದನ್ನೆಲ್ಲ ಅವಮಾನವೆಂದು ತಳ್ಳಿದರೆ ದಲಿತರು ತಮ್ಮ ದೇವರು, ಕಥೆ, ಕಲೆಗಳ ನೆನಪನ್ನೇ ಕಳೆದುಕೊಳ್ಳುತ್ತಾರೆ ಎಂಬ ಆತಂಕ. ಪಂಕ್ ‘ಇಂದೇ ಮೊದಲ ದಿನ, ಹಿಂದಿನದು ಬೇಡ’ ಎಂದದ್ದು ಸುಲಭ. ಅದು ಬಿಟ್ಟದ್ದು ಲೆಡ್ ಝೆಪೆಲಿನ್ ರೆಕಾರ್ಡುಗಳನ್ನು. ಇಲ್ಲಿ ಬಿಡಬೇಕಾಗಿದ್ದದ್ದು ಅಪ್ಪ ನುಡಿಸುತ್ತಿದ್ದ ವಾದ್ಯ.

2023ರಲ್ಲಿ ಶಿಡ್ಲಘಟ್ಟ ತಾಲೂಕಿನ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಪ್ರಶ್ನೆಗೆ ಸರ್ಕಾರ ಉತ್ತರ ಕೊಟ್ಟಂತಾಯಿತು ಎಂದು ಕೆಲವರು. ಪ್ರಶಸ್ತಿ ಒಬ್ಬರಿಗೆ ಬಂದರೂ ಸಾವಿನ ಮನೆಗೆ ಕರೆ ಹೋಗುವುದು ಈಗಲೂ ಅದೇ ಕೇರಿಗೆ ಎಂದು ಇನ್ನು ಕೆಲವರು. ನಾನು ಎರಡನೆಯವರ ಕಡೆ ವಾಲುತ್ತೇನೆ. ಆದರೂ ಆ ಕೈಯ ಪೆಟ್ಟು ಕೇಳಿದವರು ಅದನ್ನು ಬಿಡಿ ಎಂದು ಹೇಳಲಾರರು.

ಶರೀಫರ ದಾರಿ

ಮೂರನೆಯ ಪಕ್ಷಕ್ಕೆ ಗಿಟಾರೂ ಬೇಕು, ಕನ್ನಡವೂ ಬೇಕು. ಮೈಸೂರಿನ ರಘು ದೀಕ್ಷಿತ್ ಮೊದಲು ‘ಅಂತರಾಗ್ನಿ’, ಆಮೇಲೆ ತಮ್ಮದೇ ಹೆಸರಿನ ಪ್ರಾಜೆಕ್ಟ್ ಮೂಲಕ ಶಿಶುನಾಳ ಶರೀಫರ ಪದಗಳನ್ನು ರಾಕ್ ವೇದಿಕೆಗೆ ತಂದರು. 2008ರ ಆಲ್ಬಂ, ಅದೇ ವರ್ಷದ ‘ಸೈಕೋ’ ಚಿತ್ರದ ಮಾದೇಶ್ವರನ ಹಾಡು, ಆಮೇಲೆ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ. ಅವರ ತಮ್ಮ ವಾಸು ದೀಕ್ಷಿತ್ 2002ರಲ್ಲಿ ಕಟ್ಟಿದ ‘ಸ್ವರಾತ್ಮ’ ಕಾವೇರಿ ಜಗಳ, ಟೋಪಿ ಹಾಕುವ ರಾಜಕಾರಣ ಇವನ್ನೆಲ್ಲ ಹಾಡಾಗಿಸಿತು. ಹಳ್ಳಿಯ ಹುಡುಗ ಗಿಟಾರ್ ಕೊಳ್ಳಬೇಕೆಂದು ಮನೆಯಲ್ಲಿ ಹಟ ಹಿಡಿದದ್ದು ಇವರಿಂದ. ಅದನ್ನು ಕಡೆಗಣಿಸಲಾಗದು.

ಇದು ಪಂಕ್ ಅಲ್ಲ ಎನ್ನುವವರ ತಕರಾರು, ಇಲ್ಲಿ ಸಿಟ್ಟು ಸಿಹಿಯಾಗಿದೆ ಎಂಬುದು. ಅನುಭಾವ ಎಲ್ಲರನ್ನೂ ಒಪ್ಪಿಸುತ್ತದೆ, ಪಂಕ್ ಯಾರನ್ನೂ ಒಪ್ಪಿಸಲು ಹೋಗಲಿಲ್ಲ. ಪರವಾಗಿ ಹೇಳುವವರದೂ ಒಂದು ಮಾತಿದೆ. ಶರೀಫರು ಮುಸ್ಲಿಮರಾಗಿ ಹುಟ್ಟಿ ಗೋವಿಂದಭಟ್ಟರನ್ನು ಗುರುವಾಗಿ ಪಡೆದು ಎರಡೂ ಕಡೆಯ ಮಡಿವಂತರಿಂದ ಬೈಸಿಕೊಂಡವರು. ಅದಕ್ಕಿಂತ ದಿಟ್ಟತನ ಇನ್ನೇನು ಬೇಕು ಎನ್ನುತ್ತಾರೆ.

ಸಿನಿಮಾ, ರ‍್ಯಾಪ್ ಮತ್ತು ಪಕ್ಕದ ರಾಜ್ಯ

ಹಳ್ಳಿಗೆ ಪಂಕ್‌ನ ಪೊಗರು ತಂದದ್ದು ಸಿನಿಮಾ ಎಂಬ ಚಿಕ್ಕ ವಾದವೊಂದಿದೆ, ತಮಾಷೆಯಾಗಿ ಶುರುವಾಗಿ ಗಂಭೀರವಾಗುವಂಥದು. 1998ರ ‘ಎ’, 1999ರ ‘ಉಪೇಂದ್ರ’, ಎರಡಕ್ಕೂ ಗುರುಕಿರಣ್ ಸಂಗೀತ. ಪ್ರೇಮ, ತ್ಯಾಗ, ತಾಯಿ ಎಂದು ಕಣ್ಣೀರು ಹಾಕುತ್ತಿದ್ದ ಪರದೆಯ ಮೇಲೆ ನಾಯಕನೊಬ್ಬ ಎಲ್ಲವನ್ನೂ ಆಡಿಕೊಂಡ. ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಆ ಹಾಡು ಬಂದರೆ ಮುಂದಿನ ಸಾಲಿನ ಹಿರಿಯರು ಎದ್ದು ಹೋಗುತ್ತಿದ್ದರು, ಹಿಂದಿನ ಸಾಲಿನವರು ಮುಂದೆ ಬರುತ್ತಿದ್ದರು. ಆದರೆ ಅದು ಹೆಣ್ಣನ್ನು ಹಂಗಿಸಿಯೇ ಮೆರೆದ ಪೊಗರು. ಪಂಕ್‌ನಲ್ಲಿ ಸ್ಲಿಟ್ಸ್, ಪಾಲಿ ಸ್ಟೈರೀನ್ ಥರದ ಹೆಣ್ಣುಮಕ್ಕಳು ತಾವೇ ಮೈಕ್ ಹಿಡಿದಿದ್ದರು.

ಆಲ್ ಓಕೆ, ಎಂ.ಸಿ. ಬಿಜ್ಜು ಥರದವರ ಕನ್ನಡ ರ‍್ಯಾಪ್ ಬಂದಮೇಲೆ ಆ ಜಾಗ ಅವರದೇ ಎನ್ನುವವರಿದ್ದಾರೆ. ವಾದ್ಯ ಬೇಡ, ಕೋಣೆ ಬೇಡ, ಫೋನು ಸಾಕು ಎಂಬ ಅರ್ಥದಲ್ಲಿ ಅದು ನಿಜವೇ.

ನನ್ನನ್ನು ಹೆಚ್ಚು ಕಾಡುವುದು ಚೆನ್ನೈ. 2018ರ ಜನವರಿಯಲ್ಲಿ ಚಿತ್ರ ನಿರ್ದೇಶಕ ಪಾ. ರಂಜಿತ್ ಬೆಂಬಲದಲ್ಲಿ ‘ಕಾಸ್ಟ್‌ಲೆಸ್ ಕಲೆಕ್ಟಿವ್’ ಮೊದಲ ಕಛೇರಿ ಕೊಟ್ಟಿತು. ಗಾನಾ ಹಾಡುಗಾರರು, ಪರೈ, ರ‍್ಯಾಪ್, ಎಲೆಕ್ಟ್ರಿಕ್ ಗಿಟಾರ್ ಒಂದೇ ವೇದಿಕೆಯಲ್ಲಿ, ಹೆಸರಿನಲ್ಲೇ ಅಂಬೇಡ್ಕರ್ ರಾಜಕಾರಣ. ಸಾವಿನ ಮನೆಯ ವಾದ್ಯ, ಸಾವಿನ ಮನೆಯ ಹಾಡು ಅಲ್ಲಿ ಬ್ಯಾಂಡ್ ಆದವು. ಅಷ್ಟೇ ಹಳೆಯ ಹೋರಾಟದ ಹಾಡಿನ ಪರಂಪರೆ, ಅಷ್ಟೇ ಗಟ್ಟಿ ರಾಕ್ ಪರಂಪರೆ ಇರುವ ಬೆಂಗಳೂರಿನಲ್ಲಿ ಇವೆರಡೂ ಹಾಗೆ ಕೈಕುಲುಕಲಿಲ್ಲ. ಶ್ರೀರಾಮಪುರಕ್ಕೂ ಬ್ರಿಗೇಡ್ ರಸ್ತೆಗೂ ನಡುವೆ ಇರುವುದು ಕೆಲವೇ ಕಿಲೋಮೀಟರ್.

ಇನ್ನೂ ತೀರದ ಲೆಕ್ಕ

ಇಷ್ಟು ಪಕ್ಷಗಳಲ್ಲಿ ನಾನು ಕೇರಿಗೆ ನಡೆದ ಎರಡನೆಯದಕ್ಕೆ ಹತ್ತಿರ, ಒಂದು ಷರತ್ತಿನ ಮೇಲೆ. ಹೋರಾಟದ ಹಾಡನ್ನು ‘ಕನ್ನಡದ ಪಂಕ್’ ಎಂದು ಕರೆದು ಗೌರವ ಕೊಟ್ಟಂತೆ ಬೀಗಬಾರದು. ಅದಕ್ಕೆ ರಮೋನ್ಸ್‌ನ ಸರ್ಟಿಫಿಕೇಟ್ ಬೇಕಿಲ್ಲ. ಹೋಲಿಕೆಯಿಂದ ಆಗುವ ಲಾಭ ಬೇರೆ. ರಮೋನ್ಸ್‌ನ ಪ್ರತಿ ಕಛೇರಿಯ ಲೆಕ್ಕ ಸಿಗುತ್ತದೆ, ನಮ್ಮ ಜಾಥಾಗಳಲ್ಲಿ ಹಾಡಿದವರು ಯಾರು, ಯಾವ ಮಟ್ಟು ಎಲ್ಲಿಂದ ಬಂತು, ಯಾವ ಊರಿನಲ್ಲಿ ಯಾವ ಸಾಲು ಬದಲಾಯಿತು ಎಂಬುದರ ಲೆಕ್ಕ ಹಾಗೆ ಸಿಗುವುದಿಲ್ಲ. ಸಾಮೂಹಿಕ ಹಾಡಿಗೆ ಒಡೆಯರಿಲ್ಲ ಎಂಬುದು ಅದರ ಹೆಮ್ಮೆ. ಒಡೆಯರಿಲ್ಲದ್ದರಿಂದಲೇ ಅದನ್ನು ಕಾಪಿಡುವವರೂ ಇಲ್ಲವಾದರೇ? ಧ್ವನಿಮುದ್ರಿಸಿ ಹೆಸರು ಅಂಟಿಸಿದರೆ ಅದು ಮತ್ತೆ ‘ಕಲಾವಿದರ’ ಹಾಡಾಗಿ, ಶ್ರುತಿ ಸರಿಯಿಲ್ಲದವನು ಪಕ್ಕಕ್ಕೆ ಸರಿಯುವುದಿಲ್ಲವೇ? ಎರಡಕ್ಕೂ ಒಪ್ಪುವ ಉತ್ತರ ಯಾರಲ್ಲೂ ಇದ್ದಂತಿಲ್ಲ.

ಹೆಣ್ಣುಮಕ್ಕಳ ಪ್ರಶ್ನೆಯೂ ಹಾಗೆಯೇ ಉಳಿದಿದೆ. ಚಳವಳಿಯ ಹಾಡಿನ ಚರಿತ್ರೆ ಹೇಳುವಾಗ ಗಂಡಸರ ಹೆಸರುಗಳೇ ಮೊದಲು ಬರುತ್ತವೆ, ಈ ಲೇಖನದಲ್ಲೂ ಬಂದವು. ‘ಸಣ್ತಿಮ್ಮಿ ರಾಮಾಯಣ’ವನ್ನು ಒಬ್ಬರೇ ನಿಂತು ಆಡುವ ದು. ಸರಸ್ವತಿಯವರನ್ನು ಎಲ್ಲಿಡಬೇಕು? ರಂಗಭೂಮಿಯಲ್ಲೋ, ಚಳವಳಿಯಲ್ಲೋ, ಇಲ್ಲಿಯೋ? ಪಂಕ್ ಎಂದರೆ ಬ್ಯಾಂಡೇ ಆಗಬೇಕು ಎಂಬ ಹಟ ಬಿಟ್ಟರೆ ಮಾತ್ರ ಅವರಿಗೆ ಈ ನಕ್ಷೆಯಲ್ಲಿ ಜಾಗ ಸಿಗುತ್ತದೆ.

ಕೊನೆಯದು, ಹಾಡಿನ ಪ್ರಭಾವವನ್ನು ಅಳೆಯುವುದು ಹೇಗೆ ಎಂಬುದು. ನಮ್ಮ ಪಕ್ಕದ ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಭೂಸ್ವಾಧೀನದ ವಿರುದ್ಧ 2022ರ ಏಪ್ರಿಲ್‌ನಲ್ಲಿ ಶುರುವಾದ ಧರಣಿ ಮೂರು ವರ್ಷ ದಾಟಿ ನಡೆಯಿತು. 2025ರ ಜುಲೈ 15ರಂದು ಸರ್ಕಾರ ಕೈಬಿಟ್ಟಿತು. ಗೆದ್ದದ್ದು ರೈತರ ಹಟದಿಂದ, ಸಂಘಟನೆಗಳ ಒಗ್ಗಟ್ಟಿನಿಂದ, ರಾಜಕೀಯ ಲೆಕ್ಕಾಚಾರದಿಂದ. ಇಂಥ ದೀರ್ಘ ಧರಣಿಗಳಲ್ಲಿ ಹಾಡಿಗೆ ಎಷ್ಟು ಪಾಲು? ಹಾಡು ಜನರನ್ನು ಕೂಡಿಸುತ್ತದೆಯೇ, ಅಥವಾ ಕೂಡಿದವರ ಹೊತ್ತು ಕಳೆಯುತ್ತದೆಯೇ? ಪಂಕ್ ಬಗ್ಗೆಯೂ ಇದೇ ಸಂದೇಹ ಉಳಿದಿದೆ. 1978ರ ಏಪ್ರಿಲ್ 30ರಂದು ಲಂಡನ್ನಿನ ವಿಕ್ಟೋರಿಯಾ ಪಾರ್ಕಿನಲ್ಲಿ ಜನಾಂಗದ್ವೇಷದ ವಿರುದ್ಧ ಕ್ಲ್ಯಾಶ್ ಹಾಡಿತು. ಮಾರನೇ ವರ್ಷ ಅಲ್ಲಿ ಚುನಾವಣೆ ಗೆದ್ದದ್ದು ಮಾರ್ಗರೆಟ್ ಥ್ಯಾಚರ್. ಜನಾಂಗದ್ವೇಷದ ನ್ಯಾಷನಲ್ ಫ್ರಂಟ್ ನೆಲಕಚ್ಚಿದ್ದೂ ಅದೇ ಚುನಾವಣೆಯಲ್ಲಿ. ಈ ಎರಡು ಫಲಿತಾಂಶಗಳಲ್ಲಿ ಯಾವುದನ್ನು ಹಾಡಿನ ಖಾತೆಗೆ ಬರೆಯಬೇಕೆಂದು ಅಲ್ಲಿಯವರು ಇನ್ನೂ ವಾದಿಸುತ್ತಿದ್ದಾರೆ. ಚನ್ನರಾಯಪಟ್ಟಣದ ಖಾತೆಯನ್ನು ನಾವಿನ್ನೂ ತೆರೆದೇ ಇಲ್ಲ.